ಅಳಿಸಲೊಲ್ಲದ ಯಂತ್ರ, ಕಾರಣ ಹೇಳದ ಯಂತ್ರ

ಕಾಲೇಜಿನ ಪುಸ್ತಕ ಭಂಡಾರವೊಂದನ್ನು ಊಹಿಸಿಕೊಳ್ಳಿ. ಓದು ಮುಗಿಸಿ ಹೊರಟ ವಿದ್ಯಾರ್ಥಿಯೊಬ್ಬನ ಹೆಸರನ್ನು ತೆಗೆದುಹಾಕಲು ಗುಮಾಸ್ತರು ಭಂಡಾರದ ಜಾಲತಾಣವನ್ನು ತೆರೆದು ಗುಂಡಿಯೊತ್ತುತ್ತಾರೆ. ಹೆಸರು ಹೋಗುವುದಿಲ್ಲ, ತೆರೆಯ ಮೇಲೆ ‘೧೪೫೧’ ಎಂಬ ಅಂಕೆಯೂ ಅರ್ಥವಾಗದ ಒಂದೆರಡು ಇಂಗ್ಲಿಷ್ ಸಾಲುಗಳೂ ಮೂಡುತ್ತವೆ. ತಪ್ಪು ತಮ್ಮದೇ ಇರಬೇಕೆಂದು ಅವರು ಮತ್ತೆ ಒತ್ತುತ್ತಾರೆ. ಮತ್ತೆ ಅದೇ ಉತ್ತರ.

ಯಂತ್ರವು ಮಾಡಿದ್ದು ಸರಿಯೇ. ಆ ವಿದ್ಯಾರ್ಥಿ ಒಯ್ದ ಎರಡು ಪುಸ್ತಕಗಳು ಇನ್ನೂ ಹಿಂದಿರುಗಿಲ್ಲ. ಸದಸ್ಯರ ಹೆಸರುಗಳು ಒಂದು ಕೋಷ್ಟಕದಲ್ಲಿರುತ್ತವೆ, ಎರವಲಿನ ಲೆಕ್ಕ ಇನ್ನೊಂದರಲ್ಲಿ. ಎರವಲಿನ ಪ್ರತಿಯೊಂದು ಸಾಲೂ ಸದಸ್ಯನ ಸಂಖ್ಯೆಯನ್ನು ಹಿಡಿದುಕೊಂಡಿರುತ್ತದೆ. ಈ ಕೊಂಡಿಗೆ ‘ಫಾರಿನ್ ಕೀ’ ಎಂದು ಹೆಸರು, ಐ.ಬಿ.ಎಂ. ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್ ಅವರು ೧೯೭೦ರ ತಮ್ಮ ಪ್ರಸಿದ್ಧ ಲೇಖನದಲ್ಲಿ ಇದನ್ನು ವಿವರಿಸಿದರು. ಹೆಸರು ಅಳಿದರೆ ಪುಸ್ತಕ ಒಯ್ದವರು ಯಾರೆಂಬುದಕ್ಕೆ ಗುರುತೇ ಉಳಿಯದು. ಆದುದರಿಂದ ದತ್ತಸಂಚಯವು ಒಲ್ಲೆನೆನ್ನುತ್ತದೆ.

ಆದರೆ ಆ ಮಾತನ್ನು ಹಾಗೆಯೇ ಗುಮಾಸ್ತರ ಮುಂದೆ ಚೆಲ್ಲುವುದು ಉಚಿತವಲ್ಲವೆಂದು ನನ್ನ ಅಭಿಪ್ರಾಯ. ೧೪೫೧ ಎಂಬುದು ಮೈಎಸ್‌ಕ್ಯೂಎಲ್ ದತ್ತಸಂಚಯದ ಸಂಕೇತ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಆದರೆ ಇದನ್ನೇ ೨೩೫೦೩ ಎನ್ನುತ್ತದೆ. ಎರಡೂ ಕ್ರಮವಿಧಿ ಬರೆದವನಿಗಾಗಿ ಇರುವಂಥವು. ಅದರ ಜೊತೆಗೆ ಬರುವ ಸಾಲುಗಳಲ್ಲಿ ಕೋಷ್ಟಕಗಳ ಒಳಹೆಸರುಗಳೂ ಇರುವುದರಿಂದ, ಮನೆಯ ಒಳಗುಟ್ಟು ದಾರಿಹೋಕರಿಗೂ ತಿಳಿದಂತಾಗುತ್ತದೆ.

ಮೊದಲೇ ಬಾಕಿಯನ್ನು ಪರೀಕ್ಷಿಸಿ ಗುಂಡಿಯನ್ನೇ ಮರೆಮಾಡಿದರಾಯಿತೆಂದು ಕೆಲವರು ಹೇಳುವರು. ಪರೀಕ್ಷೆಗೂ ಅಳಿಸುವಿಕೆಗೂ ನಡುವಣ ಕ್ಷಣದಲ್ಲಿ ಮತ್ತೊಂದು ಮೇಜಿನಿಂದ ಅದೇ ಸದಸ್ಯನಿಗೆ ಪುಸ್ತಕ ಹೋಗಬಹುದಲ್ಲವೆ? ಕಾವಲು ದತ್ತಸಂಚಯದಲ್ಲಿಯೇ ಇರಬೇಕು. ಇನ್ನು ಕೆಲವರು ಬೇಸತ್ತು ‘ಕ್ಯಾಸ್ಕೇಡ್’ ವಿಧಿಯನ್ನು ಹೂಡುತ್ತಾರೆ: ಸದಸ್ಯನೊಡನೆ ಅವನ ಎರವಲಿನ ಲೆಕ್ಕವೆಲ್ಲ ಸದ್ದಿಲ್ಲದೆ ಮಾಯವಾಗುತ್ತದೆ. ಪುಸ್ತಕವೂ ಹೋಯಿತು, ಲೆಕ್ಕವೂ ಹೋಯಿತು! ಇದಕ್ಕಿಂತ ಆ ಒರಟು ಅಂಕೆಯೇ ಮೇಲು.

ನಾಳೆ ಇಂತಹ ಕ್ರಮವಿಧಿಗಳನ್ನು ಬರೆಯುವವರು ನಿಮ್ಮಲ್ಲಿಯೇ ಇದ್ದಾರೆ. ಆ ಸಂಕೇತವನ್ನು ಹಿಡಿದು, “ಈ ಸದಸ್ಯರಿಂದ ಎರಡು ಪುಸ್ತಕಗಳು ಬರಬೇಕಾಗಿವೆ, ಆದಕಾರಣ ಹೆಸರನ್ನು ತೆಗೆಯಲಾಗಲಿಲ್ಲ” ಎಂದು ಬರೆಯಲು ಹತ್ತಾರು ಸಾಲುಗಳ ಶ್ರಮ ಸಾಕು. ಪುಸ್ತಕಗಳು ಬಂದ ಮೇಲೂ ಹಳೆಯ ಎರವಲುಗಳ ದಾಖಲೆಯನ್ನು ಉಳಿಸಿಕೊಳ್ಳುವ ಭಂಡಾರಗಳುಂಟು. ಅಲ್ಲಿ ಹೆಸರು ಎಂದಿಗೂ ಅಳಿಯದು. ಅಂತಹ ಕಡೆ ‘ಸದಸ್ಯತ್ವ ಮುಗಿದಿದೆ’ ಎಂದು ಗುರುತಿಸುವ ಬೇರೊಂದು ಗುಂಡಿಯನ್ನು ಅದೇ ಸಂದೇಶದ ಕೆಳಗೆ ಇಡತಕ್ಕದ್ದು.