ಕಾನೂನು ಸಡಿಲವಾದರೆ ಗಾಂಜಾ ಹಲಾಲ್ ಆದೀತೇ?

2024ರ ಎಪ್ರಿಲ್ 1ರಿಂದ ಜರ್ಮನಿಯಲ್ಲಿ ವಯಸ್ಕರು 25 ಗ್ರಾಂ ಗಾಂಜಾ ಜೊತೆಗಿಟ್ಟುಕೊಳ್ಳುವುದು ಅಪರಾಧವಲ್ಲ. 'ಮುಂದುವರಿದ ರಾಷ್ಟ್ರವೇ ಒಪ್ಪಿರುವಾಗ ನಮ್ಮಲ್ಲೇಕೆ ನಿಷೇಧ?' ಎಂದು ಕೇಳುವವರು ಥೈಲ್ಯಾಂಡನ್ನೂ ನೋಡಬೇಕು. 2022ರ ಜೂನ್‌ನಲ್ಲಿ ಗಾಂಜಾವನ್ನು ಮಾದಕ ವಸ್ತುಗಳ ಪಟ್ಟಿಯಿಂದ ಕೈಬಿಟ್ಟ ಆ ದೇಶದಲ್ಲಿ ಸಾವಿರಾರು ಅಂಗಡಿಗಳು ತಲೆಯೆತ್ತಿದವು. ಎಳೆಯರ ಕೈಗೂ ಅದು ಸಿಗುತ್ತಿದೆಯೆಂಬ ಆಕ್ಷೇಪ ಬಲವಾಯಿತು. ಕೊನೆಗೆ 2025ರ ಜೂನ್‌ನಲ್ಲಿ, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲವೆಂದು ಸರಕಾರವೇ ಆದೇಶಿಸಬೇಕಾಯಿತು.

ಸರಕಾರಗಳು ಕಟ್ಟಿ ಬಿಚ್ಚುವ ಬೇಲಿಯನ್ನು ನಂಬಿ ವಿಶ್ವಾಸಿಯು ಬದುಕುವುದಿಲ್ಲ. ಬುದ್ಧಿಯನ್ನು ಮಂಕಾಗಿಸುವ ಅಮಲು ಪದಾರ್ಥಗಳೆಲ್ಲವೂ ಇಸ್ಲಾಮಿನಲ್ಲಿ ನಿಷಿದ್ಧ.

ಆದರೆ ನಿಷಿದ್ಧವೆಂದು ಸಾರಿದಷ್ಟಕ್ಕೆ ನಮ್ಮ ಹೊಣೆ ಮುಗಿಯಿತೇ? 2023ರ ಜನವರಿಯಲ್ಲಿ ಮಂಗಳೂರು ಪೊಲೀಸರು ಗಾಂಜಾ ಆರೋಪದಲ್ಲಿ ವೈದ್ಯರನ್ನೂ ವೈದ್ಯಕೀಯ ವಿದ್ಯಾರ್ಥಿಗಳನ್ನೂ ಬಂಧಿಸಿದ ಬಳಿಕ, 'ನಮ್ಮ ಮನೆಗೆ ಅದು ಬಾರದು' ಎನ್ನುವ ಧೈರ್ಯ ಯಾರಿಗೂ ಉಳಿದಿಲ್ಲ. ಮಗ ದಾರಿ ತಪ್ಪಿದ್ದಾನೆಂದು ತಿಳಿದೂ ಮರ್ಯಾದೆಗಂಜಿ ಮುಚ್ಚಿಡುವ ಹೆತ್ತವರು ನಮ್ಮಲ್ಲಿದ್ದಾರೆ. ಅವರತ್ತ ಬೆರಳು ತೋರುವ ನೆರೆಹೊರೆಯೂ ಇದೆ.

1985ರ ಮಾದಕ ದ್ರವ್ಯ ಕಾಯ್ದೆಯ 64ಎ ಕಲಮು ಇವರಿಗೆಲ್ಲ ತಿಳಿದಿರಬೇಕು. ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿಯು ಸ್ವಇಚ್ಛೆಯಿಂದ ಸರಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಒಳಗಾದರೆ ಮೊಕದ್ದಮೆಯಿಂದ ವಿನಾಯಿತಿಯಿದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಮಾತ್ರ ಅದನ್ನು ಹಿಂಪಡೆಯಬಹುದು.

ಶುಕ್ರವಾರದ ಖುತ್ಬಾದಲ್ಲಿ ಖಂಡನೆಯ ಜೊತೆಗೆ ಈ ಮಾಹಿತಿಯೂ ಕೇಳಿಬರಲಿ. ಮಾರುವವನನ್ನು ಪೊಲೀಸರಿಗೆ ಒಪ್ಪಿಸೋಣ. ಬಲಿಯಾದವನನ್ನು ಆಸ್ಪತ್ರೆಗೆ ಕರೆದೊಯ್ಯೋಣ. ಅಲ್ಲಾಹನು ತೌಬಾದ ಬಾಗಿಲನ್ನು ಮುಚ್ಚಿಲ್ಲ, ಕಾನೂನೂ ಮುಚ್ಚಿಲ್ಲ. ಜಮಾಅತ್ ಏಕೆ ಮುಚ್ಚಬೇಕು?