ಒಂದು ದವಡೆಯ ವೃತ್ತಾಂತ

ಒಡೆದ ಮಡಕೆಯ ಚೂರೊಂದನ್ನು ಕೈಗಿತ್ತರೆ, ಅದರ ಬಾಗನ್ನು ನೋಡಿ, ಇದು ಹರವಿಯದೋ ಕುಡಿಕೆಯದೋ ಎಂದು ನಮ್ಮ ಮನೆಗಳ ಹಿರಿಯರು ಹೇಳಬಲ್ಲರು. ಕಲ್ಲಾದ ಎಲುಬಿನ ತುಂಡುಗಳಿಂದ ಪ್ರಾಣಿಯನ್ನು ಗುರುತಿಸುವ ಪಂಡಿತರ ಕಾರ್ಯವೂ ಇಂತಹುದೇ. ಅಂತಹ ತುಂಡೊಂದರ ಕಥೆಯನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಆಸ್ಟ್ರೇಲಿಯದ ವಿಕ್ಟೋರಿಯಾ ಪ್ರಾಂತದ ಕಡಲಂಚಿನಲ್ಲಿ, 1970ರ ದಶಕದ ಕೊನೆಗೆ, ದವಡೆಯ ತುಂಡೊಂದು ಸಿಕ್ಕಿತು. ಅದಿದ್ದ ಬಂಡೆಯ ವಯಸ್ಸು ಸುಮಾರು 12 ಕೋಟಿ ವರ್ಷ. ತುಂಡಿನ ಲಕ್ಷಣಗಳಾದರೋ ಟೆಮ್ನೋಸ್ಪಾಂಡೈಲ್ ಎಂಬ ಪುರಾತನ ಉಭಯಚರಗಳವು. ಆ ವರ್ಗವು ಬಹುಮಟ್ಟಿಗೆ 20 ಕೋಟಿ ವರ್ಷಗಳ ಹಿಂದೆಯೇ ಅಳಿದಿತ್ತು. ಶ್ರಾದ್ಧ ಮುಗಿಸಿದ ಮನೆಗೆ ಸತ್ತವನೇ ಬಂದು ಬಾಗಿಲು ತಟ್ಟಿದಂತಾಯಿತು! ಪಂಡಿತರು ಶಂಕಿಸಿದುದು ನ್ಯಾಯವೇ. ಮುಂದೆ ಎಡಬಲದ ಕೆಳದವಡೆಗಳೆರಡೂ ದೊರೆತ ಮೇಲೆ ಸಂದೇಹವು ತೊಲಗಿತು. 1997ರಲ್ಲಿ ಆನ್ ವಾರೆನ್, ಥಾಮಸ್ ರಿಚ್, ಪೆಟ್ರೀಷಿಯಾ ವಿಕರ್ಸ್-ರಿಚ್ ಎಂಬ ಮೂವರು ಅದಕ್ಕೆ ಕೂಲಸೂಕಸ್ ಎಂದು ನಾಮಕರಣ ಮಾಡಿದರು. ಕಲ್ಲಿನಿಂದ ಎಲುಬನ್ನು ಬಿಡಿಸುವುದರಲ್ಲಿ ನುರಿತ ಲೆಸ್ಲಿ ಕೂಲ್ ಎಂಬ ಮಹಿಳೆಯ ಗೌರವಾರ್ಥವಾಗಿ ಇಟ್ಟ ಹೆಸರಿದು. 'ಸೂಕಸ್' ಎಂದರೆ ಗ್ರೀಕರ ಮಾತಿನಲ್ಲಿ ಮೊಸಳೆ, ಪ್ರಾಣಿಯೇನೋ ಮೊಸಳೆಯಲ್ಲ. ಆದರೆ 'ಕೂಲ್' ಎಂಬ ದನಿಗೆ ಇಂಗ್ಲಿಷಿನಲ್ಲಿ ತಂಪು ಎಂಬ ಅರ್ಥವೂ ಉಂಟಷ್ಟೆ. ಮರ್ಮವೆಲ್ಲ ಆ ತಂಪಿನಲ್ಲೇ ಇದೆ.

ಆ ಕಾಲದಲ್ಲಿ ಆಸ್ಟ್ರೇಲಿಯವು ಅಂಟಾರ್ಕ್ಟಿಕಕ್ಕೆ ಅಂಟಿಕೊಂಡೇ ಇತ್ತು. ಈ ಪ್ರಾಣಿಯಿದ್ದ ಕಣಿವೆಯು ದಕ್ಷಿಣ ಧ್ರುವವೃತ್ತದ ಒಳಗೆ. ಚಳಿಗಾಲದಲ್ಲಿ ವಾರಗಟ್ಟಲೆ ಸೂರ್ಯೋದಯವೇ ಇಲ್ಲ. ಮೊಸಳೆಯ ಮೈಗೆ ಅಂತಹ ಚಳಿ ಒಗ್ಗದು. ಬೇರೆಡೆಯ ಹೊಳೆಗಳು ಮೊಸಳೆಗಳ ಪಾಲಾದಾಗ, ಮೊರದಗಲದ ತಲೆಯ, ಸುಮಾರು ಹತ್ತಡಿ ಉದ್ದದ ಈ ಬೇಟೆಗಾರನು ಇಲ್ಲಿ ನಿಶ್ಚಿಂತನಾಗಿ ಉಳಿದನೆಂದು ವಿದ್ವಾಂಸರ ಊಹೆ. ತಣ್ಣೀರಿನಲ್ಲಿ ದೊಡ್ಡ ಉಭಯಚರವು ಬದುಕುವುದು ಸೋಜಿಗವಲ್ಲ. ಚೀನಾದ ದೈತ್ಯ ಸಾಲಮಾಂಡರ್ ಇಂದಿಗೂ ಬೆಟ್ಟದ ತೊರೆಗಳ ವಾಸಿ. ತರುವಾಯ ವಾಯುಗುಣವು ಬೆಚ್ಚಗಾಯಿತು. ಅದೇ ಪ್ರಾಂತದ, ಒಂದು ಕೋಟಿ ವರ್ಷಕ್ಕೂ ಮಿಕ್ಕಿ ಈಚಿನ ಬಂಡೆಗಳಲ್ಲಿ ಮೊಸಳೆಯ ಎಲುಬುಗಳಿವೆ, ಕೂಲಸೂಕಸ್ ಇಲ್ಲ. ಮೊಸಳೆಯೇ ಅದನ್ನು ಅಳಿಸಿತೆಂದು ನಾವು ತೀರ್ಪು ಕೊಡಲಾರೆವು. ಎಲುಬುಗಳು ಅಷ್ಟನ್ನು ಹೇಳುವುದಿಲ್ಲ.

ಇದರ ಕುಲದವೇ ಆದ ಎರಡು ಉಭಯಚರಗಳ ಕುರುಹುಗಳು ನಮ್ಮ ಗೋದಾವರಿಯ ಸೀಮೆಯ ಮಾಲೇರಿ ಶಿಲೆಗಳಲ್ಲಿ ದೊರೆತಿವೆ. ಅವು ಇದಕ್ಕಿಂತ ಎಷ್ಟೋ ಕೋಟಿ ವರ್ಷ ಹಿರಿಯವು. ಆಗ ಈ ನಾಡುಗಳೆಲ್ಲ ಒಂದೇ ಮಹಾಖಂಡವಾಗಿದ್ದವು.

2022ರಲ್ಲಿ ವಿಕ್ಟೋರಿಯಾ ಸರ್ಕಾರವು ಕೂಲಸೂಕಸನ್ನು ತನ್ನ ಪ್ರಾಂತದ ಪಳೆಯುಳಿಕೆ ಲಾಂಛನವಾಗಿ ಘೋಷಿಸಿತು. ಅದರ ಇಡಿಯ ಅಸ್ಥಿಪಂಜರ ಮಾತ್ರ ಇನ್ನೂ ದೊರೆತಿಲ್ಲ.