ಮುಷ್ಟಿಯ ಅಳತೆ, ನಾಲ್ಕು ಗಂಟೆಯ ಹಸಿವು

ಪಾಲಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಚಿತ್ರ ಸುತ್ತುತ್ತಲೇ ಇರುತ್ತದೆ. ಮಡಚಿದ ಪುಟ್ಟ ಮುಷ್ಟಿ, ಅದರ ಕೆಳಗೆ 'ಶಾಲೆಯಿಂದ ಬಂದ ಮಗುವಿಗೆ ಇಷ್ಟು ತಿಂಡಿ ಸಾಕು' ಎಂಬ ಬುದ್ಧಿಮಾತು. ರಾಯಚೂರಿನ ಬಡಾವಣೆಗಳಲ್ಲಿ ಅದನ್ನು ನಂಬಿ, ಇನ್ನಷ್ಟು ಬೇಕೆಂದು ಅಳುವ ಐದು ವರ್ಷದ ಕೂಸಿನ ಮುಂದಿನಿಂದ ಬಟ್ಟಲು ಎತ್ತಿಕೊಳ್ಳುವ ತಾಯಂದಿರಿದ್ದಾರೆ. ಅವರ ಕಾಳಜಿ ನಿಜವಾದದ್ದು, ಅಳತೆ ಮಾತ್ರ ಸುಳ್ಳು. ಏನು ತಿನ್ನಬೇಕು, ಯಾವಾಗ ತಿನ್ನಬೇಕು ಎಂಬುದನ್ನು ಹಿರಿಯರು ನಿಶ್ಚಯಿಸಬೇಕು, ಎಷ್ಟು ಎಂಬುದನ್ನು ಮಗುವಿನ ಹೊಟ್ಟೆಗೆ ಬಿಡಬೇಕು ಎಂಬುದು ನನ್ನ ನಿಲುವು. ನಮ್ಮ ಜಿಲ್ಲೆಯಲ್ಲಿ ಆಗುತ್ತಿರುವುದು ಬೇರೆ. ಏನು, ಎಷ್ಟು ಎರಡನ್ನೂ ಈಗ ಐದು ರೂಪಾಯಿಯ ಪ್ಯಾಕೆಟ್ ನಿಶ್ಚಯಿಸುತ್ತಿದೆ.

ಮೊದಲು ಮುಷ್ಟಿಯ ಲೆಕ್ಕ ನೋಡೋಣ. ಪುಟ್ಟ ಮುಷ್ಟಿಯಲ್ಲಿ ಹುರಿದ ಶೇಂಗಾ ಹಿಡಿದರೆ ಇಪ್ಪತ್ತು ಗ್ರಾಂ ಮೇಲಾಗುತ್ತದೆ. ಅಂದರೆ ನೂರಕ್ಕೂ ಹೆಚ್ಚು ಕ್ಯಾಲೊರಿ, ಐದಾರು ಗ್ರಾಂ ಪ್ರೋಟೀನು. ಅದೇ ಮುಷ್ಟಿಯಲ್ಲಿ ಮಂಡಕ್ಕಿ ಹಿಡಿದರೆ ಮೂರು ನಾಲ್ಕು ಗ್ರಾಂ, ಹದಿನೈದು ಕ್ಯಾಲೊರಿ ಕೂಡ ಆಗದು. ಎರಡೂ ಮಗುವಿನ ಕಣ್ಣಿಗೆ ಒಂದೇ ಅಳತೆ, ಹೊಟ್ಟೆಗೆ ಏಳೆಂಟು ಪಟ್ಟು ಅಂತರ. ಏನನ್ನು ಅಳೆಯುತ್ತಿದ್ದೇವೆ ಎಂದು ಹೇಳದ ಅಳತೆಯಿಂದ ಯಾವ ತಾಯಿಗೂ ಉಪಯೋಗವಿಲ್ಲ.

ಮಂಡಕ್ಕಿಯ ಮಾತು ಬಂದಿತೆಂದು ನಮ್ಮ ಕಡೆಯ ಒಗ್ಗರಣಿಯ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಮಕ್ಕಳ ಸಂಜೆ ತಿಂಡಿಗೆ ಬೇಕಾದ ಅರ್ಧ ತಿಳಿವಳಿಕೆ ಅದರಲ್ಲೇ ಇದೆ. ರಾಯಚೂರಿನ ಹೋಟೆಲುಗಳಲ್ಲಿ ಮಿರ್ಚಿಯ ಜೊತೆ ಸಿಗುವ ಒಗ್ಗರಣಿಯ ಪ್ಲೇಟು ದುಡಿಯುವ ಗಂಡಾಳಿನ ಹೊಟ್ಟೆಯ ಲೆಕ್ಕದ್ದು. ಮನೆಯ ಒಗ್ಗರಣಿ ಹಾಗಲ್ಲ. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಉಳ್ಳಾಗಡ್ಡಿ, ಅರಿಶಿನ, ಕರಿಬೇವಿನ ಜೊತೆ ಬಾಣಲೆಯಲ್ಲಿ ತಿರುವಿ, ಇಳಿಸುವ ಮುಂಚೆ ಮೇಲೆ ಪುಟಾಣಿ ಹಿಟ್ಟು ಉದುರಿಸಿ ನಿಂಬೆಹಣ್ಣು ಹಿಂಡುತ್ತಾರೆ. ಮೆಣಸಿನಕಾಯಿ ಹಾಕುವ ಮೊದಲೇ ಸಣ್ಣವರ ಪಾಲನ್ನು ತೆಗೆದಿಡುವ ಮನೆಗಳಿವೆ. ಬರೀ ಮಂಡಕ್ಕಿ ಅನ್ನದಷ್ಟೇ, ಪಿಷ್ಟ ಮಾತ್ರ. ಅದನ್ನು ಊಟಕ್ಕೆ ಸಮ ಮಾಡುವುದು ಆ ಪುಟಾಣಿ ಹಿಟ್ಟು. ನೂರು ಗ್ರಾಮಿಗೆ ಇಪ್ಪತ್ತು ಗ್ರಾಂ ಆಸುಪಾಸು ಪ್ರೋಟೀನು ಇರುವ ಬೇಳೆ ಅದು. ನಿಂಬೆಯ ಹುಳಿ ಕಾಳಿನ ಕಬ್ಬಿಣಾಂಶ ಮೈಗೆ ಹತ್ತಲು ನೆರವಾಗುತ್ತದೆ. ಹಿಟ್ಟು ಎರಡು ಚಮಚ ಹೆಚ್ಚಾಗಲಿ, ಅಡ್ಡಿಯಿಲ್ಲ. ಶೇಂಗಾ ಹಾಕುವುದಾದರೆ ಐದು ವರ್ಷದೊಳಗಿನವರಿಗೆ ಕುಟ್ಟಿಯೇ ಹಾಕಬೇಕು. ಇಡೀ ಕಾಳು ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯ ಆ ವಯಸ್ಸಿನಲ್ಲಿ ಹೆಚ್ಚು. ಇಷ್ಟನ್ನು ಹೇಳುವ ಚಿತ್ರ ಯಾವ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಬರುವುದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ನಾಲ್ಕರಿಂದ ಆರು ವರ್ಷದ ಮಗುವಿಗೆ ದಿನಕ್ಕೆ 1360 ಕ್ಯಾಲೊರಿ, ಏಳರಿಂದ ಒಂಬತ್ತರ ಮಗುವಿಗೆ 1700 ಬೇಕು. ಸರ್ಕಾರಿ ಪ್ರಾಥಮಿಕ ಶಾಲೆಯ ಬಿಸಿಯೂಟದಿಂದ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು ಸಿಗಬೇಕೆಂಬುದು ನಿಯಮ. ಮಧ್ಯಾಹ್ನ ಉಂಡ ಮಗುವಿಗೆ ರಾತ್ರಿಯ ಊಟ ಎಂಟಕ್ಕೋ ಒಂಬತ್ತಕ್ಕೋ. ನಡುವಿನ ಏಳು ಗಂಟೆಯಲ್ಲಿ ಅದು ಪಾಠ ಕೇಳುತ್ತದೆ, ಓಡುತ್ತದೆ, ಬೀಳುತ್ತದೆ, ಆಡುತ್ತದೆ. ಆ ಹೊತ್ತಿಗೆ ಇನ್ನೂರು ಕ್ಯಾಲೊರಿ ಅತಿಯೇನಲ್ಲ. ನಮ್ಮ ಅಡುಗೆಮನೆಯ ಲೆಕ್ಕದಲ್ಲಿ ಅದು ಅರ್ಧ ಜೋಳದ ರೊಟ್ಟಿ, ಒಂದು ಚಮಚ ಶೇಂಗಾ ಹಿಂಡಿ, ಅರ್ಧ ಬಟ್ಟಲು ಮೊಸರು. ಅಥವಾ ಒಂದು ಸಣ್ಣ ಶೇಂಗಾ ಉಂಡಿ, ಒಂದು ಸಣ್ಣ ಬಾಳೆಹಣ್ಣು. ಇದು ಎದುರಿಗೆ ಇಡಬೇಕಾದ್ದರ ಅಂದಾಜು. ತಿಂದು ಮುಗಿಸಲೇಬೇಕೆಂಬ ಕಟ್ಟಳೆಯೂ ಅಲ್ಲ, ಮತ್ತೆ ಕೇಳಬಾರದೆಂಬ ಗೆರೆಯೂ ಅಲ್ಲ.

ಹೀಗೆ ಬಿಟ್ಟರೆ ಮಗು ಹಾಳಾಗುವುದಿಲ್ಲವೇ? ಲಿಯಾನ್ ಬರ್ಚ್ ಮತ್ತು ಅವರ ಜೊತೆಗಾರರು 1991ರಲ್ಲಿ ಅಮೆರಿಕದಲ್ಲಿ ಎರಡರಿಂದ ಐದು ವರ್ಷದ ಹದಿನೈದು ಮಕ್ಕಳ ಊಟವನ್ನು ತೂಗಿ ನೋಡಿದರು. ಒಂದು ಹೊತ್ತು ಬಹಳ ತಿಂದ ಮಗು ಇನ್ನೊಂದು ಹೊತ್ತು ಕಡಿಮೆ ತಿಂದಿತ್ತು, ದಿನದ ಒಟ್ಟು ಮಾತ್ರ ಹೆಚ್ಚು ಏರುಪೇರಾಗಿರಲಿಲ್ಲ. ಆಹಾರತಜ್ಞೆ ಎಲಿನ್ ಸ್ಯಾಟರ್ 1980ರ ದಶಕದಿಂದ ಹೇಳುತ್ತ ಬಂದದ್ದೂ ಇದೇ: ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರ ಕೆಲಸ, ಎಷ್ಟು ಎಂಬುದು ಮಗುವಿನದು. ಆದರೆ ಬರ್ಚ್ ಅವರದೇ ಇನ್ನೊಂದು ಅಧ್ಯಯನ ನನ್ನ ಮಾತಿಗೆ ಅಡ್ಡ ನಿಲ್ಲುತ್ತದೆ, ಅದನ್ನು ಮುಚ್ಚಿಡಬಾರದು. 2000ದಲ್ಲಿ ಪ್ರಕಟವಾದ ಅದರಲ್ಲಿ, ತಟ್ಟೆಗೆ ಎಷ್ಟು ಬಡಿಸಿದರೂ ಮೂರು ವರ್ಷದವರು ತಮಗೆ ಬೇಕಾದಷ್ಟೇ ತಿಂದರು. ಐದು ವರ್ಷದವರು ಹೆಚ್ಚು ಬಡಿಸಿದಾಗ ಹೆಚ್ಚು ತಿಂದರು. ಅಂದರೆ ಹೊಟ್ಟೆಯ ಮಾತು ಕೇಳುವ ಗುಣ ಆ ಎರಡು ವರ್ಷದಲ್ಲಿ ಮಸುಕಾಗತೊಡಗುತ್ತದೆ, ಕಣ್ಣು ಅದರ ಜಾಗಕ್ಕೆ ಬರುತ್ತದೆ. ಇದಕ್ಕೆ ನಾನು ಕೊಡಬಲ್ಲ ಉತ್ತರ ಸಣ್ಣ ಬಟ್ಟಲು. ಮೊದಲು ಕಡಿಮೆ ಹಾಕಿ, ಕೇಳಿದರೆ ಮತ್ತೆ ಹಾಕಿ, ಸಾಕೆಂದರೆ ಒತ್ತಾಯ ಬೇಡ. 'ಇದೊಂದು ತುತ್ತು ನನಗೋಸ್ಕರ' ಎಂಬ ಅಜ್ಜಿಯ ಪ್ರೀತಿಯೂ ಬಟ್ಟಲು ಕಸಿಯುವ ಚಿತ್ರದಷ್ಟೇ ಆ ಗುಣವನ್ನು ಕೆಡಿಸುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬಡತನದ್ದು. ಒಂದು ಡಬ್ಬಿ ಶೇಂಗಾ, ನಾಲ್ಕು ಮಕ್ಕಳು ಇರುವ ಮನೆಯಲ್ಲಿ 'ಎಷ್ಟು' ಎಂಬುದನ್ನು ಮಗುವಿಗೆ ಬಿಡುವುದೆಂದರೆ ಒಬ್ಬರ ಪಾಲನ್ನು ಇನ್ನೊಬ್ಬರಿಗೆ ಕೊಡುವುದು. ಅಲ್ಲಿ ತಾಯಿ ಎಣಿಸಿಯೇ ಕೊಡಬೇಕು, ಅವಳ ಕೈಯ ಲೆಕ್ಕವನ್ನು ತಪ್ಪೆನ್ನುವ ಹಕ್ಕು ಯಾರಿಗೂ ಇಲ್ಲ. 'ಹಳ್ಳಿ ಹುಡುಗರಿಗೆ ಹಸಿವು ರೂಢಿ, ತಡೆದುಕೊಳ್ಳುತ್ತಾರೆ' ಎನ್ನುವವರು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಲಿ: ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಮೂವತ್ತೈದು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ, ಅರವತ್ತೈದು ಮಕ್ಕಳಿಗೆ ರಕ್ತಹೀನತೆ.

ನಮ್ಮ ಜಿಲ್ಲೆಯ ದೇವದುರ್ಗಕ್ಕೆ ಬನ್ನಿ. 2002ರ ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಹಾಕಿದ ಊರು. ಹತ್ತಿ ಬಿಡಿಸುವ ದಿನಗಳಲ್ಲಿ ಅವ್ವ ಬೆಳಗ್ಗೆಯೇ ಟಂಟಂ ಹತ್ತಿ ಹೊಲಕ್ಕೆ ಹೋಗುತ್ತಾಳೆ, ಹೊತ್ತು ಮುಳುಗಿದ ಮೇಲೆ ಬರುತ್ತಾಳೆ. ಮಾನ್ವಿಯ ಕಾಲುವೆ ಕೆಳಗಿನ ಊರುಗಳಲ್ಲಿ ಭತ್ತದ ನಾಟಿ ಬಂದಾಗಲೂ ಇದೇ ಕಥೆ. ಮಗು ಶಾಲೆ ಬಿಟ್ಟು ಬಂದಾಗ ಮನೆಗೆ ಬೀಗ. ಬೆಳಗ್ಗೆ ಅವ್ವ ಕೊಟ್ಟ ಐದೋ ಹತ್ತೋ ರೂಪಾಯಿ ಜೇಬಿನಲ್ಲಿ. ಆ ರೂಪಾಯಿಯಲ್ಲಿ ಇರುವುದು ಅಕ್ಕರೆ, ಅದನ್ನು ಬೈಯುವವರು ಬೈಯಲಿ, ನಾನು ಬೈಯಲಾರೆ. ಸಿಟ್ಟು ಬರುವುದು ಆ ರೂಪಾಯಿಗಾಗಿ ಅಂಗಡಿಯ ಮುಂದೆ ಮಾಲೆ ಮಾಲೆಯಾಗಿ ತೂಗುಹಾಕಿದ ಪ್ಯಾಕೆಟ್ಟುಗಳ ಮೇಲೆ. ಎಣ್ಣೆಯಲ್ಲಿ ಕರಿದ ಹಿಟ್ಟು, ಉಪ್ಪು, ಬಣ್ಣ. ಹೊಟ್ಟೆ ತುಂಬುವ ಮೊದಲೇ ಮುಗಿಯುತ್ತದೆ, ಇನ್ನೊಂದು ಬೇಕೆನ್ನಿಸುವ ಹಾಗೆಯೇ ಅದರ ರುಚಿ. ಬೆಲೆ ಏರಿದಾಗ ಐದು ರೂಪಾಯಿ ಐದಾಗಿಯೇ ಉಳಿಯುತ್ತದೆ, ಒಳಗಿನ ತೂಕ ಇಳಿಯುತ್ತದೆ. ಮಗುವಿನ ಪಾಲು ಎಷ್ಟೆಂದು ಕಂಪನಿಯೊಂದು ತನ್ನ ಲಾಭದ ಲೆಕ್ಕದಲ್ಲಿ ನಿಶ್ಚಯಿಸುವುದನ್ನು ನಾವು ಒಪ್ಪಿಕೊಂಡುಬಿಟ್ಟಿದ್ದೇವೆ. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಇಂಥದ್ದನ್ನು ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ಐವತ್ತು ಮೀಟರಿನೊಳಗೇ ಊರಿನ ಒಂದೇ ಅಂಗಡಿ ಇರುವ ಹಳ್ಳಿಯಲ್ಲಿ ಅದನ್ನು ಯಾರು ಜಾರಿ ಮಾಡಬೇಕು?

ಹಿರಿಯರು ಮನೆಯಲ್ಲಿದ್ದರೂ ಹಲವೆಡೆ ಸಿಗುವುದು ಚಹಾ, ಎರಡು ಬಿಸ್ಕೀಟು. ಚಹಾ ಹಸಿವನ್ನು ಕೊಲ್ಲುತ್ತದೆ, ಆಹಾರದ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. ನೂರರಲ್ಲಿ ಅರವತ್ತೈದು ಮಕ್ಕಳಿಗೆ ರಕ್ತ ಕಡಿಮೆ ಇರುವ ನಾಡಿನಲ್ಲಿ ಸಣ್ಣವರಿಗೆ ಚಹಾ ಕೊಡುವುದನ್ನು ನಿಲ್ಲಿಸಲೇಬೇಕು, ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಆದ್ದರಿಂದ ಸಂಜೆಯ ತಿಂಡಿಯನ್ನು ತಾಯಿಯ ಶಿಸ್ತಿನ ವಿಷಯವೆಂದಷ್ಟೇ ಕಾಣುವುದು ಅನ್ಯಾಯ. ಸರ್ಕಾರ ಮಗುವಿನ ತಟ್ಟೆಯ ಬಗ್ಗೆ ಯೋಚಿಸದೆ ಇಲ್ಲ. ಅಕ್ಷರ ದಾಸೋಹ 2002ರಲ್ಲಿ ಮೊದಲು ಶುರುವಾದ ಜಿಲ್ಲೆಗಳಲ್ಲಿ ರಾಯಚೂರೂ ಒಂದು. 2013ರ ಆಗಸ್ಟಿನಿಂದ ಕ್ಷೀರಭಾಗ್ಯದ 150 ಮಿಲಿಲೀಟರ್ ಹಾಲು ಬಂತು. 2021ರ ಡಿಸೆಂಬರಿನಲ್ಲಿ ಮೊಟ್ಟೆ ಬಂದಾಗಲೂ ಆರಿಸಿದ ಏಳು ಜಿಲ್ಲೆಗಳಲ್ಲಿ ರಾಯಚೂರು ಇತ್ತು. ಅಂದು ಎದ್ದ ವಿರೋಧವನ್ನು ದಾಟಿ ಅದು ರಾಜ್ಯಕ್ಕೆಲ್ಲ ಹರಡಿತು. ಎಲ್ಲವೂ ಬೆಳಗ್ಗೆಯಿಂದ ಮಧ್ಯಾಹ್ನದೊಳಗೆ ಮುಗಿಯುತ್ತವೆ, ಸಂಜೆಯ ಪಾಳಿ ಖಾಲಿ. ತಮಿಳುನಾಡು 2022ರಲ್ಲಿ ಶಾಲೆಯ ಬೆಳಗಿನ ಉಪಾಹಾರ ಆರಂಭಿಸಿತು. ನಮ್ಮ ಹೊಲದ ಕೆಲಸದ ಹೊತ್ತಿಗೆ ಹೊಂದುವುದು ಸಂಜೆಯ ತಿಂಡಿ, ಕೊನೆಯ ಗಂಟೆ ಹೊಡೆಯುವ ಮುಂಚೆ ಶಾಲೆಯಲ್ಲೇ ಒಂದು ಬಟ್ಟಲು ಗುಗ್ಗರಿ.

ಒಣ ಕಾಳು ಮಗುವಿಗೆ 30 ಗ್ರಾಂ ಎಂದರೆ ಸುಮಾರು ನೂರು ಕ್ಯಾಲೊರಿ, ಆರು ಗ್ರಾಂ ಪ್ರೋಟೀನು. ಮೂವತ್ತು ಮಕ್ಕಳ ಶಾಲೆಗೆ ದಿನಕ್ಕೆ ಒಂದು ಕೆಜಿಯೂ ಬೇಡ. ಮತ್ತೆ ಕೇಳುವವರಿಗೆಂದು ಇನ್ನೆರಡು ಹಿಡಿ ಸೇರಿಸಿದರೆ 'ಎಷ್ಟು' ಎಂಬ ಪ್ರಶ್ನೆ ಮಗುವಿನ ಕೈಗೇ ಮರಳುತ್ತದೆ. ಹಿಂದಿನ ರಾತ್ರಿ ನೆನೆಹಾಕಿದ ಕಡಲೆ ಅಥವಾ ಹೆಸರು, ಬಿಸಿಯೂಟದ ಒಲೆ ಆರುವ ಮುಂಚೆ ಬೇಯುತ್ತದೆ. ಮಾರ್ಚ್ ದಾಟಿದ ಮೇಲೆ ರಾಯಚೂರಿನ ಬಿಸಿಲಿಗೆ ಬೇಯಿಸಿದ ಕಾಳು ಸಂಜೆತನಕ ಉಳಿಯುವುದು ಕಷ್ಟ. ಆ ತಿಂಗಳುಗಳಲ್ಲಿ ಪುಟಾಣಿ, ಬೆಲ್ಲ ಕೊಡಬಹುದು. ಪಾತ್ರೆ ತೊಳೆದು ಮನೆಗೆ ಹೋಗುವ ಅಡುಗೆಯವರು ಇನ್ನೊಂದು ಗಂಟೆ ನಿಲ್ಲಬೇಕಾಗುತ್ತದೆ. ಆ ಗಂಟೆಗೆ ಅವರ ಗೌರವಧನ ಹೆಚ್ಚಿಸಿಯೇ ಕೇಳಬೇಕು. ಅವರಲ್ಲೂ ಎಷ್ಟೋ ಜನರ ಮಕ್ಕಳು ಅದೇ ಶಾಲೆಯಲ್ಲಿ ಓದುತ್ತಿರುತ್ತಾರೆ.